ಪುಣೆಯಲ್ಲಿ ದೊಡ್ಡಹಬ್ಬ

ಗೆಳೆಯಾ,

ದೊಡ್ಡಹಬ್ಬಕ್ಕೆ ಊರಿಗೆ ಬರಲಿಲ್ಲ ಅಂತ ನಿನಗೆ ಬೇಜಾರಾಗಿದೆ, ಗೊತ್ತು. ನನಗೂ ಆಗಿದೆ. ಪುಣೆಗೆ ಬಂದು 9 ವರ್ಷ ಆಯ್ತು, ದೀಪಾವಳಿಗೆ ಊರು ತಪ್ಪಿಸಿದ್ದು ಇದೇ ಮೊದಲು. ರಜೆ ಸಿಕ್ಕಿದ್ದು ಎರಡೇ ದಿನ, ಅದೂ ಮಧ್ಯೆ ಬಿಟ್ಟು. ಹುಬ್ಬಳ್ಳಿ ತನಕ ಬಸ್ಸು, ಅಲ್ಲಿಂದ ಶಿರಸಿ, ಅಲ್ಲಿಂದ ಮನೆ, ಮತ್ತೆ ಅದೇ ದಾರಿ. ಆಗಲಿಲ್ಲ. ಹಾಗಾದರೆ ಇಲ್ಲೇ ಮಾಡೋಣ, ನಮ್ಮನೆಯಲ್ಲಿ ಹೇಗೋ ಹಾಗೇ ಮಾಡೋಣ ಅಂತ ಹಟ ಹಿಡಿದೆ. ಏನೇನಾಯ್ತು ಅಂತ ಪೂರ್ತಿ ಬರೆಯುತ್ತೇನೆ, ಓದು. ಕೊನೆಯಲ್ಲಿ ನಿನ್ನಿಂದ ಒಂದು ಕೆಲಸವೂ ಆಗಬೇಕು.

ಮೊದಲನೆಯದು ನೀರು ತುಂಬುವ ಹಬ್ಬ. ಅಕ್ಟೋಬರ್ 19, ಭಾನುವಾರ. ನಿನಗೆ ನೆನಪಿದೆ ಅಲ್ವಾ, ಅಮ್ಮ ಬಚ್ಚಲ ಹಂಡೆಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಇಟ್ಟ ಮೇಲೆ ನಾವಿಬ್ಬರೂ ಬಾವಿಯಿಂದ ಸೇದಿ ಸೇದಿ ತುಂಬುತ್ತಿದ್ದೆವು, ಅಪ್ಪ ಹಂಡೆಯ ಕೊರಳಿಗೆ ಕಹಿಕಾಯಿಯ ಹಿಂಡ್ಲೆ ಬಳ್ಳಿ ಸುತ್ತಿ ಕೆಮ್ಮಣ್ಣು, ಶೇಡಿಯ ಬಿಳಿಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದ. ಇಲ್ಲಿ ಹಂಡೆ ಇಲ್ಲ. ತಾಮ್ರದ ಬಿಂದಿಗೆ ಇದೆ, ಅದನ್ನೇ ತೊಳೆದಿಟ್ಟೆ. ಸಂಜೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ನಮ್ಮ ಕಟ್ಟಡದ ಪಂಪಿನ ಮೋಟರು ಸುಟ್ಟುಹೋಗಿತ್ತು, ರಿಪೇರಿ ಮಾಡುವವರು ಹಬ್ಬಕ್ಕೆ ತಮ್ಮ ಊರಿಗೆ ಹೋಗಿದ್ದರು. ಮಳೆಗಾಲದಲ್ಲಿ ಖಡಕ್‌ವಾಸ್ಲಾ ಡ್ಯಾಮಿನಿಂದ ಮುಠಾ ನದಿಗೆ ಬಿಟ್ಟ ನೀರನ್ನು ಸೇತುವೆ ಮೇಲೆ ನಿಂತು ನೋಡಿದವರು ನಾವು. ಈಗ ನೀರು ತುಂಬುವ ಹಬ್ಬದ ದಿನ ಒಂದು ಬಿಂದಿಗೆ ನೀರಿಲ್ಲ. ಅಳು ಬಂತು, ನಿಜ ಹೇಳುತ್ತೇನೆ. ಕೊನೆಗೆ ಅಂಗಡಿಯಿಂದ 20 ಲೀಟರಿನ ಕ್ಯಾನು ತಂದು, ಮಗಳ ಕೈಯಲ್ಲಿ ಬಿಂದಿಗೆಗೆ ಹುಯ್ಯಿಸಿದೆ. ಹಿಂಡ್ಲೆ ಬಳ್ಳಿ ಇರುವ ಅಪ್ಪನ ಪಾರ್ಸೆಲ್ ಬಂದಿರಲಿಲ್ಲ. ಬಾಲ್ಕನಿಯ ಮನಿ ಪ್ಲಾಂಟಿನ ಬಳ್ಳಿ ಸುತ್ತಿದೆ.

ಕೆಮ್ಮಣ್ಣು ಮೇ ತಿಂಗಳಲ್ಲೇ ತಂದಿಟ್ಟಿದ್ದೆ. ಹುಡುಕಿದರೆ ಡಬ್ಬಿ ಖಾಲಿ. ಮಗಳು ಮೆಲ್ಲಗೆ ಹೇಳಿದಳು, "ಕಿಲ್ಲಾಕ್ಕೆ ಬೇಕಿತ್ತು ಅಪ್ಪಾ." ಇಲ್ಲಿ ದೀಪಾವಳಿಗೆ ಮಕ್ಕಳು ಕೋಟೆ ಕಟ್ಟುತ್ತಾರೆ. ಕಲ್ಲು, ಇಟ್ಟಿಗೆ, ಗೋಣಿಚೀಲ, ಮೇಲೆ ಮಣ್ಣು ಮೆತ್ತಿ, ಸಾಸಿವೆ ಚೆಲ್ಲಿ ಹುಲ್ಲು ಬರಿಸಿ, ತುದಿಯಲ್ಲಿ ಮಣ್ಣಿನ ಶಿವಾಜಿ ಮಹಾರಾಜರನ್ನು ಕೂರಿಸುತ್ತಾರೆ. ಬೈಯಬೇಕು ಅಂತ ಕೆಳಗೆ ಹೋದೆ. ನಮ್ಮೂರಿನ ಕೆಮ್ಮಣ್ಣು ರಾಯಗಡದ ಗೋಡೆ ತುಂಬ ಹಚ್ಚಿತ್ತು. 1674ರಲ್ಲಿ ಪಟ್ಟಾಭಿಷೇಕ ಆದದ್ದು ಇಲ್ಲೇ ಅಂತ ಅವಳು ಬೆರಳಿಟ್ಟು ತೋರಿಸಿದಳು. ಎಷ್ಟು ಚೆನ್ನಾಗಿತ್ತು ಗೊತ್ತಾ! ಬೈಯಲು ಮನಸ್ಸು ಬರಲಿಲ್ಲ.

ರಾತ್ರಿ ಟ್ಯಾಂಕರ್ ಬಂತು, ಮನೆಗೆ ಮೂರು ಬಕೆಟ್. ಅಷ್ಟರಲ್ಲೇ ಬೆಳಗಿನ ಎಣ್ಣೆಸ್ನಾನ. ನಾನು ತಲೆ ಒರೆಸಿಕೊಳ್ಳುತ್ತಿದ್ದಾಗ ಇನ್ನೂ ಕತ್ತಲೆ. ಎದುರುಮನೆಯ ಆಜಿ ಬಾಗಿಲು ತಟ್ಟಿದರು. ಅವರು ರತ್ನಾಗಿರಿ ಕಡೆಯವರು. ಕೈಯಲ್ಲಿ ಎರಡು ಪುಟ್ಟ ಕಾಯಿ. "ಕಾರೀಟ" ಅಂದರು, ಎಡಗಾಲಿನ ಹೆಬ್ಬೆರಳಲ್ಲಿ ಒಡೆಯಬೇಕು, ನರಕಾಸುರನನ್ನು ಕೊಂದ ಹಾಗೆ. ನಾನು ದೀಪದ ಬೆಳಕಿಗೆ ಹಿಡಿದು ನೋಡಿದೆ. ಹಿಂಡ್ಲೆಕಾಯಿ ಕಣೋ! ನಮ್ಮ ಹಿಂಡ್ಲೆಕಾಯಿಯೇ. ಅದೇ ಗೆರೆ, ಅದೇ ವಾಸನೆ. ಒಡೆದು, ಬೀಜವನ್ನು ನಾಲಿಗೆಗೆ ಮುಟ್ಟಿಸಿಕೊಂಡೆ. ಆ ಕಹಿ ಗಂಟಲಿಗೆ ಇಳಿದಾಗ ನಮ್ಮ ತುಳಸಿಕಟ್ಟೆಯ ಮುಂದೆ ಒದ್ದೆ ಪಂಚೆಯಲ್ಲಿ ನಡುಗುತ್ತಾ ನಿಂತಿದ್ದೆಲ್ಲ ನೆನಪಾಯ್ತು. ಆಜಿ "ಗೋವಿಂದಾ ಗೋವಿಂದಾ" ಅಂತಿದ್ದರು. ನನಗೆ ಮಾತು ಹೊರಡಲಿಲ್ಲ, ಕಾಲಿಗೆ ಬಿದ್ದೆ. ಅವರ ಮನೆಗೆ ನಮ್ಮ ಕಡೆಯಿಂದ ಅತ್ರಾಸ ಕೊಟ್ಟೆವು. ಅವರಲ್ಲಿ ಅದಕ್ಕೆ ಅನಾರಸೆ ಅಂತಾರೆ, ಮೇಲೆ ಗಸಗಸೆ ಇರುತ್ತದೆ.

ಅಪ್ಪನ ಪಾರ್ಸೆಲ್ ಬಂದದ್ದು ಮಂಗಳವಾರ ಸಂಜೆ. ಬಳ್ಳಿ ಕೊಳೆತಿತ್ತು, ವೀಳ್ಯದೆಲೆ ಕಪ್ಪಾಗಿತ್ತು. ಕೆಳಗೆ, ಪೇಪರಿನಲ್ಲಿ ಸುತ್ತಿ, ಹಸಿ ಅಡಿಕೆಯ ಒಂದು ಮಾಲೆ ಇತ್ತು. ಆಕಳ ಕೊರಳಿಗೆ ಕಟ್ಟುವ ಮಾಲೆ. ಕೊಟ್ಟಿಗೆ ಖಾಲಿಯಾಗಿ ಎರಡು ವರ್ಷ ಆಯ್ತು, ಮಂಡಿನೋವು ಅಂತ ಅಪ್ಪ ಕೊನೆಯ ಗಿಡ್ಡ ಆಕಳನ್ನೂ ಕೊಟ್ಟುಬಿಟ್ಟ, ಅದು ನಿನಗೂ ಗೊತ್ತು. ಆದರೂ ಕೂತು ಮಾಲೆ ಮಾಡಿದ್ದಾನೆ. ಮಾಡಿ ಪುಣೆಗೆ ಕಳಿಸಿದ್ದಾನೆ. ಅದನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ನಾಳೆ ಗೋಪೂಜೆ, ಏನಾದರಾಗಲಿ ಒಂದು ಆಕಳು ಹುಡುಕಲೇಬೇಕು ಅಂದುಕೊಂಡೆ.

ಮೇಲಿನ ಮನೆಯ ಬಾಗಲಕೋಟೆಯ ಅಕ್ಕನಿಗೂ ಅದೇ ಚಿಂತೆ. ಪಾಡ್ಯದ ದಿನ ಅವರು ಸಗಣಿಯಲ್ಲಿ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸಿ ಇಡುತ್ತಾರೆ. "ಸಗಣಿ ಇಲ್ದ ಹೆಂಗ ಹಬ್ಬ ಮಾಡೂದ್ರಿ?" ಅಂದರು. ಇಬ್ಬರೂ ಸ್ಕೂಟರಿನಲ್ಲಿ ಧಾಯರಿ ಕಡೆ ಹಾಲಿನವರ ಗೋಠಾಕ್ಕೆ, ಅಂದರೆ ಕೊಟ್ಟಿಗೆಗೆ, ಹೋದೆವು. ಅವರಿಗೆ ಆಶ್ಚರ್ಯ. ಇಲ್ಲಿ ಗೋಪೂಜೆ ಪಾಡ್ಯಕ್ಕಲ್ಲ, ಹಬ್ಬದ ಮೊದಲ ದಿನವೇ, ವಸುಬಾರಸ್ ಅಂತ. ಶುಕ್ರವಾರವೇ ಮುಗಿದಿತ್ತು. ಇದ್ದ ಒಂದು ಆಕಳನ್ನೂ ಕರುವನ್ನೂ ಮುಳಶಿಯ ಅಣ್ಣನ ಮನೆಗೆ ಕಳಿಸಿದ್ದರು. 9 ವರ್ಷ ಇದ್ದೂ ನಾನು ಇದನ್ನು ಕೇಳಿ ತಿಳಿದುಕೊಂಡಿರಲಿಲ್ಲ, ಯಾಕೆಂದರೆ ಪ್ರತಿ ವರ್ಷ ಆ ಹೊತ್ತಿಗೆ ಊರಿನ ಬ್ಯಾಗು ಕಟ್ಟುತ್ತಿದ್ದೆ.

ಆದರೆ ಪಾಡ್ಯ ಅವರಿಗೆ ಎಮ್ಮೆಗಳ ಹಬ್ಬ. ಗವಳಿಗರು ಎಮ್ಮೆಗಳನ್ನು ತೊಳೆದು, ಕೋಡಿಗೆ ಬಣ್ಣ ಬಳಿದು, ನವಿಲುಗರಿ, ಕವಡೆ ಸರ ಕಟ್ಟಿ ಮೆರವಣಿಗೆಗೆ ಸಿದ್ಧ ಮಾಡುತ್ತಿದ್ದರು. ಅದರಲ್ಲೊಂದು ಪಂಢರಪುರಿ ಎಮ್ಮೆ. ಅಬ್ಬಾ, ಆ ಕೋಡು! ಕತ್ತಿಯ ಹಾಗೆ ಹಿಂದಕ್ಕೆ ಚಾಚಿ ಬೆನ್ನಿನ ತನಕ. ಮಾಲೆಯ ಕಥೆ ಹೇಳಿದೆ. ಯಜಮಾನರು ಏನೂ ಕೇಳದೆ ಆ ಎಮ್ಮೆಯನ್ನೇ ಮುಂದೆ ತಂದು ನಿಲ್ಲಿಸಿದರು. ಕಟ್ಟಿದೆ. ಅರಿಶಿನ ಕುಂಕುಮ ಹಚ್ಚಿ, ದೋಸೆ, ಬೆಲ್ಲ ತಿನ್ನಿಸಿ, ಅಪ್ಪನಿಗೆ ವೀಡಿಯೋ ಕಾಲ್ ಮಾಡಿದೆ.

ಎಮ್ಮೆ ಅಂತ ಬೇಜಾರಾದಾನೋ ಅಂದುಕೊಂಡಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡ. "ಎಷ್ಟನೇ ಕರು? ಎಷ್ಟು ಲೀಟರ್ ಕೊಡ್ತು? ಕೆಚ್ಚಲು ತೋರಿಸು. ಕೊಬ್ಬರಿ ಹಿಂಡಿ ಹಾಕ್ತರ ಕೇಳು." ಒಂದಾದ ಮೇಲೆ ಒಂದು. ನಾನು ಮರಾಠಿಯಲ್ಲಿ ಕೇಳುವುದು, ಅವರು ಹೇಳುವುದು, ನಾನು ಅಪ್ಪನಿಗೆ ಹೇಳುವುದು. 22 ನಿಮಿಷ ಮಾತಾಡಿದ. ಕೊಟ್ಟಿಗೆ ಖಾಲಿಯಾದ ಮೇಲೆ ದನದ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದವನು!

ಅದಕ್ಕೇ ಈ ಪತ್ರ. ನಿಮ್ಮ ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡದ ಹೆಣ್ಣುಕರು ಇದೆ ಅಂದಿದ್ದೆ ಅಲ್ವಾ? ಗಿಡ್ಡ ಆದರೆ ಸಣ್ಣದು, ಮೇವೂ ಕಡಿಮೆ, ಪಕ್ಕದ ಮನೆಯ ಹುಡುಗ ಹುಲ್ಲು ತಂದು ಹಾಕುತ್ತಾನೆ, ಅವನ ಹತ್ತಿರ ಮಾತಾಡಿದ್ದೇನೆ. ಅಮ್ಮನೂ ಹೂಂ ಅಂದಿದ್ದಾಳೆ. ದುಡ್ಡು ಎಷ್ಟು ಅಂತ ಹೇಳು, ಕಳಿಸುತ್ತೇನೆ. ನೀನೇ ಹೊಡೆದುಕೊಂಡು ಹೋಗಿ ಬಿಡಬೇಡ, ಅಪ್ಪನನ್ನು ನಿಮ್ಮನೆಗೆ ಕರೆದು ತೋರಿಸು. ಅವನೇ ಹಗ್ಗ ಹಿಡಿದುಕೊಂಡು ಬರಲಿ.

ಇಂತಿ ನಿನ್ನ,
ಪುಣೆಯಲ್ಲಿರುವ ಗೆಳೆಯ