ಪ್ರಯಾಣದ ಹೊತ್ತಿಗೂ ಕೂಲಿ: ಬಿಲ್ಲಿನಲ್ಲಿ ಒಂದು ಬದಲಾವಣೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಕಿನಿಂದ ನಿಮ್ಮ ಬಿಲ್ಲಿನಲ್ಲಿ ‘ಪ್ರಯಾಣದ ಹೊತ್ತು’ ಅಂತ ಹೊಸದೊಂದು ಸಾಲು ಇರುತ್ತದೆ. ಮನೆ ಕ್ಲೀನ್ ಮಾಡಲು ಬರುವವರ ಅರ್ಧ ಗಂಟೆಯ ಕೂಲಿ ಅದು. ಗಂಟೆಯ ದರ ಮೊದಲಿನಷ್ಟೇ.

ಮನೆಗೆಲಸದವರೇ ಸೇರಿ ನಡೆಸುವ ನಮ್ಮ ಸಹಕಾರ ಸಂಘದ ಸದಸ್ಯೆಯೊಬ್ಬರು ಬೆಳಿಗ್ಗೆ ನ್ಯೂಯಾರ್ಕ್‌ನ ಜಾಕ್ಸನ್ ಹೈಟ್ಸ್‌ನಲ್ಲಿ ಒಂದು ಮನೆ ಮುಗಿಸುತ್ತಾರೆ. ಮುಂದಿನ ಮನೆ ಬೆಲ್ಲರೋಸ್‌ನಲ್ಲಿ. ಆ ಕಡೆ ಸಬ್‌ವೇ ರೈಲು ಇಲ್ಲ. ಫ್ಲಶಿಂಗ್‌ವರೆಗೆ 7ನೇ ನಂಬರ್ ರೈಲು, ಅಲ್ಲಿಂದ ಬಸ್ಸು. ಹೆಗಲಲ್ಲಿ ಬಟ್ಟೆ, ಬ್ರಷ್ಷು, ಸ್ಪ್ರೇ ಬಾಟಲಿ ತುಂಬಿದ ಚೀಲ. ಊಟ ಬಸ್ ಸ್ಟಾಪಿನಲ್ಲಿ, ನಿಂತುಕೊಂಡೇ. ಇದೂ ಕೆಲಸದ ಹೊತ್ತೇ ಅಲ್ವಾ? ಕಾಯಿದೆ ಹೇಳುವುದೂ ಅದನ್ನೇ. ಇಷ್ಟು ದಿನ ಈ ಹಣವನ್ನು ಸಹಕಾರ ಸಂಘದ ನಿಧಿಯಿಂದ ಕೊಡುತ್ತಿದ್ದೆವು. ನ್ಯೂಯಾರ್ಕ್ ನಗರದ ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 17 ಡಾಲರ್. ನಾವು ಕೊಡುವುದು ಅದಕ್ಕಿಂತ ಜಾಸ್ತಿ. ನಿಧಿಗೆ ಇನ್ನು ಈ ಭಾರ ತಡೆಯುವುದಿಲ್ಲ. ಕೂಲಿ ಇಳಿಸಿ ಸರಿದೂಗಿಸುವುದಕ್ಕೆ ಸದಸ್ಯರ ಸಭೆ ಒಪ್ಪಲಿಲ್ಲ, ಒಪ್ಪಲೂಬಾರದು.

ಈ ನಗರದಲ್ಲಿ ದುಡಿಯುವ ಹತ್ತು ಜನರಲ್ಲಿ ನಾಲ್ವರಿಗಿಂತ ಜಾಸ್ತಿ ಬೇರೆ ದೇಶದಲ್ಲಿ ಹುಟ್ಟಿದವರು. ನಿಮ್ಮಲ್ಲಿ ಅನೇಕರು ಹಾಗೆ ಬಂದು ಆಸ್ಪತ್ರೆ, ಬ್ಯಾಂಕು, ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ. ನಮ್ಮವರು ನೇಪಾಳ, ಬಾಂಗ್ಲಾದೇಶ, ಈಕ್ವೆಡಾರ್‌ನಿಂದ ಬಂದವರು. ಮಗು ನೋಡಿಕೊಳ್ಳುವವರು ಸಮಯಕ್ಕೆ ಬಂದರೆ ತಾನೇ ನರ್ಸು ಡ್ಯೂಟಿಗೆ ಹೋಗುವುದು? ನಮ್ಮವರ ಕೂಲಿ ಇಲ್ಲೇ ಬಾಡಿಗೆ, ದಿನಸಿ, ತೆರಿಗೆಯಾಗಿ ನಗರದೊಳಗೆ ಓಡಾಡುತ್ತದೆ. 2010ರಲ್ಲಿ ನ್ಯೂಯಾರ್ಕ್ ರಾಜ್ಯ ಮನೆಗೆಲಸದವರಿಗೆ ಓವರ್‌ಟೈಮ್, ವಾರಕ್ಕೊಂದು ರಜೆಯ ಹಕ್ಕು ಕೊಟ್ಟಿತು. ಅಮೆರಿಕದಲ್ಲಿ ಇಂಥ ಕಾನೂನು ಅದೇ ಮೊದಲು. ಅದು ಸುಮ್ನೆ ಬಂದದ್ದಲ್ಲ. ವಲಸೆ ಬಂದ ಹೆಂಗಸರು ವರ್ಷಗಟ್ಟಲೆ ಬಸ್ಸು ಹತ್ತಿ ರಾಜ್ಯದ ರಾಜಧಾನಿ ಆಲ್ಬನಿಗೆ ಹೋಗಿ ಕೇಳಿ ಪಡೆದದ್ದು. ಆ ಹಕ್ಕಿನ ನೆರಳಲ್ಲೇ ನಮ್ಮ ಸಂಘ ನಡೆಯುತ್ತಿದೆ.

ಒಂದೇ ಕಟ್ಟಡದ ಅಥವಾ ಅಕ್ಕಪಕ್ಕದ ಮನೆಯವರು ಒಂದೇ ದಿನ ಬುಕ್ ಮಾಡಿದರೆ ಈ ಅರ್ಧ ಗಂಟೆಯ ಕೂಲಿಯನ್ನು ಹಂಚಿಕೊಳ್ಳಬಹುದು. ನಮ್ಮವರಿಗೂ ಓಡಾಟ ಕಡಿಮೆಯಾಗುತ್ತದೆ, ಹಾಗಾಗಿ ದಯವಿಟ್ಟು ಪಕ್ಕದವರನ್ನು ಒಂದು ಮಾತು ಕೇಳಿ ನೋಡಿ. ಒಂಟಿಯಾಗಿರುವ ಹಿರಿಯರ ಬಿಲ್ಲಿಗೆ ಇದನ್ನು ಸೇರಿಸುವುದಿಲ್ಲ. ಅಷ್ಟನ್ನು ನಿಧಿಯೇ ಭರಿಸುತ್ತದೆ. ಈಗಾಗಲೇ ಬುಕ್ ಆಗಿರುವ ಕೆಲಸಕ್ಕೆ ಹಳೆಯ ಬಿಲ್ಲೇ ಬರುತ್ತದೆ.

ಇಂತಿ,
ಸಂಘದ ಎಲ್ಲ ಸದಸ್ಯರ ಪರವಾಗಿ