ಹೊಸ ಕಂಪ್ಯೂಟರಿನಲ್ಲಿ ಕೆಟ್ಟ ರ‍್ಯಾಮ್: ಬದಲಿಸಿ ಕೊಡುವಂತೆ ಕೋರಿ ದೂರು

ಇವರಿಗೆ,
ಮ್ಯಾನೇಜರ್,
ಕಂಪ್ಯೂಟರ್ ಮಾರಾಟ ಮತ್ತು ಸರ್ವಿಸ್ ವಿಭಾಗ,
ಮಂಗಳೂರು

ಮಾನ್ಯರೇ,

ಎರಡು ತಿಂಗಳ ಹಿಂದೆ ನಿಮ್ಮ ಅಂಗಡಿಯಲ್ಲಿ ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಿಕೊಂಡು ಹೋದವನು ನಾನು. ಬಿಲ್ಲಿನ ಪ್ರತಿ ಜೊತೆಗಿದೆ. ಅದರಲ್ಲಿ ನೀವು ಹಾಕಿಕೊಟ್ಟ (ಕೆಲಸದ ನಡುವೆ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ) 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್‌ಗಳಲ್ಲಿ ಒಂದು ಕೆಟ್ಟಿದೆ. ಎರಡು ಸಲ ನಿಮ್ಮಲ್ಲಿಗೆ ಹೊತ್ತು ತಂದೆ. ಎರಡು ಸಲವೂ ಫಾರ್ಮ್ಯಾಟ್ ಮಾಡಿ ವಾಪಸ್ ಕೊಟ್ಟಿರಿ. ರ‍್ಯಾಮನ್ನು ಸರಿಯಾಗಿ ಪರೀಕ್ಷೆ ಮಾಡಲೇ ಇಲ್ಲ. ಕಡೆಗೆ ಆ ಕೆಲಸವನ್ನು ನಾನೇ ಮನೆಯಲ್ಲಿ ಮಾಡಿದೆ. ಅದಕ್ಕೇ ಈ ಪತ್ರ.

ಈ ಕಂಪ್ಯೂಟರ್ ಯಾಕೆ ಕೊಂಡೆ ಎಂದು ಮೊದಲು ಹೇಳುತ್ತೇನೆ. ಗೇಮ್ ಆಡಲು ಅಲ್ಲ. ನಮ್ಮ ತಂದೆಗೆ ತಾಳಮದ್ದಳೆಯ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ) ಹುಚ್ಚು. ಮಳೆಗಾಲದಲ್ಲಿ ಎಲ್ಲಿ ಕೂಟ ಇದ್ದರೂ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಹಾಗೆ ಕೂಡಿಟ್ಟ ಎಪ್ಪತ್ತಕ್ಕೂ ಜಾಸ್ತಿ ಕ್ಯಾಸೆಟ್ ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿವೆ. ಕೆಲವಕ್ಕೆ ಆಗಲೇ ಬೂಷ್ಟು ಹಿಡಿದಿದೆ. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಉಳಿಸಿಕೊಳ್ಳಬೇಕು ಎಂದೇ ಇಷ್ಟು ಖರ್ಚು ಮಾಡಿದ್ದು. ಇದನ್ನು ಬುಕ್ ಮಾಡುವಾಗಲೇ ನಿಮ್ಮ ಕೌಂಟರಿನಲ್ಲಿ ಹೇಳಿದ್ದೆ.

ಮೂರನೇ ದಿನವೇ ನೀಲಿ ಸ್ಕ್ರೀನ್ ಬಂತು. ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದು ಬರೆದಿತ್ತು. ಮರುದಿನ ಇನ್ನೊಂದು, ಬೇರೆ ಹೆಸರಿನದ್ದು. ಫೋನ್ ಮಾಡಿದರೆ ನಿಮ್ಮ ಟೆಕ್ನಿಷಿಯನ್, "ಅದು ವಿಂಡೋಸ್ ಪ್ರಾಬ್ಲಂ ಸರ್, ತಗೊಂಡು ಬನ್ನಿ, ಫಾರ್ಮ್ಯಾಟ್ ಮಾಡಿದ್ರೆ ಸರಿ ಆಗ್ತದೆ" ಎಂದರು. ಕಟಪಾಡಿಯಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ತನಕ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕ್ಯಾಬಿನೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಎರಡು ದಿನ ಇಟ್ಟುಕೊಂಡಿರಿ. ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಹಾಕಿದ್ದೇವೆ, ವಿಂಡೋಸ್ ಹೊಸದಾಗಿ ಹಾಕಿದ್ದೇವೆ ಎಂದು 500 ರೂಪಾಯಿ ತೆಗೆದುಕೊಂಡಿರಿ. ವಾರಂಟಿಯಲ್ಲಿರುವ ಹೊಸ ಕಂಪ್ಯೂಟರಿಗೆ ಸರ್ವಿಸ್ ಚಾರ್ಜ್ ಯಾಕೆ ಎಂದು ಕೇಳಿದ್ದಕ್ಕೆ, ಸಾಫ್ಟ್‌ವೇರ್‌ಗೆ ವಾರಂಟಿ ಇಲ್ಲ ಎಂಬ ಉತ್ತರ ಬಂತು.

ನಾಲ್ಕು ದಿನ ಸುಮ್ಮನಿತ್ತು. ಆಮೇಲೆ ಮತ್ತೆ ಅದೇ. ಎರಡನೇ ಸಲ ತಂದಾಗ ನೀವು ವಿಂಡೋಸಿನದ್ದೇ ಮೆಮೊರಿ ಟೆಸ್ಟ್ ಒಮ್ಮೆ ಓಡಿಸಿ ‘ತಪ್ಪು ಇಲ್ಲ’ ಎಂದು ತೋರಿಸಿದಿರಿ. ನಮ್ಮ ಕರಾವಳಿಯ ತೇವಕ್ಕೆ ಹೀಗಾಗುತ್ತದೆ, ಮನೆಯ ಕರೆಂಟ್ ಏರುಪೇರು ಇರಬಹುದು ಎಂದಿರಿ. ಇನ್ನೊಮ್ಮೆ ಫಾರ್ಮ್ಯಾಟ್ ಮಾಡಿ ಕಳಿಸಿದಿರಿ.

ನೀಲಿ ಸ್ಕ್ರೀನ್ ಬಂದರೆ ಪರವಾಗಿಲ್ಲ, ಕಣ್ಣಿಗೆ ಕಾಣುತ್ತದೆ. ಕಾಣದೆ ಆಗುವ ಹಾಳು ಇದೆಯಲ್ಲ, ಅದು ದೊಡ್ಡದು. ‘ವಾಲಿವಧೆ, ಬದಿ ಎ’ ಎಂದು ತಂದೆಯವರ ಕೈಬರಹ ಇರುವ ಕ್ಯಾಸೆಟ್ ಒಂದಿದೆ. ತಾಳಮದ್ದಳೆಯ ಹೆಸರಾಂತ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ, ಅಂದರೆ ಪಾತ್ರವಾಗಿ ಆಡಿದ ಮಾತು, ಅದರಲ್ಲಿದೆ. 45 ನಿಮಿಷದ ಒಂದು ಬದಿ ಏರಿಸಿದರೆ ಸುಮಾರು 475 ಎಂಬಿ ಆಗುತ್ತದೆ. ಕೇಳಿ ನೋಡಿದರೆ ನಡುನಡುವೆ ‘ಟಕ್’ ಎಂಬ ಶಬ್ದ. ಕ್ಯಾಸೆಟ್ಟಿನದ್ದೇ ದೋಷ ಎಂದುಕೊಂಡು ಅದನ್ನು ಎರಡನೇ ಸಲ ಡೆಕ್ಕಿಗೆ ಹಾಕಿದೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವ ಜಾಗಕ್ಕೆ ಬಂದಾಗ ಟೇಪ್ ತುಂಡಾಯಿತು. ಅಂಟಿಸಿದ್ದೇನೆ, ಆದರೆ ನಾಲ್ಕೈದು ಮಾತು ಹೋಯಿತು. ಹಳೇ ಟೇಪ್ ತುಂಡಾದದ್ದಕ್ಕೆ ನೀವು ಹೊಣೆ ಎಂದು ನಾನು ಹೇಳುವುದಿಲ್ಲ. ಆದರೆ ಎರಡನೇ ಸಲ ಅದನ್ನು ಓಡಿಸಬೇಕಾಗಿ ಬಂದದ್ದು ಈ ಕಂಪ್ಯೂಟರಿನಿಂದ.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗಳಿಗೆ ಇದನ್ನು ಹೇಳಿದೆ. "ಮಾಮ, ಮೊದಲು ರ‍್ಯಾಮ್ ನೋಡಬೇಕು" ಎಂದಳು. ಒಂದು ಫೈಲಿನ ಚೆಕ್‌ಸಮ್ ತೆಗೆಸಿದಳು. ಫೈಲಿನಲ್ಲಿ ಇರುವುದನ್ನೆಲ್ಲ ಲೆಕ್ಕ ಹಾಕಿ ಒಂದು ಉದ್ದ ಸಂಖ್ಯೆ ಕೊಡುವ ಪರೀಕ್ಷೆ ಅದು. ಫೈಲಿನಲ್ಲಿ ಒಂದೇ ಒಂದು ಬಿಟ್ (0 ಅಥವಾ 1 ಇರುವ ಅತಿ ಚಿಕ್ಕ ತುಣುಕು) ಬದಲಾದರೂ ಸಂಖ್ಯೆ ಬೇರೆಯೇ ಬರುತ್ತದೆ. ಅವಳ ಲ್ಯಾಪ್‌ಟಾಪಿನಲ್ಲಿ ಎಷ್ಟು ಸಲ ತೆಗೆದರೂ ಒಂದೇ ಉತ್ತರ. ಈ ಹೊಸ ಕಂಪ್ಯೂಟರಿನಲ್ಲಿ, ಪ್ರತಿ ಸಲ ರೀಸ್ಟಾರ್ಟ್ ಮಾಡಿ ತೆಗೆದಾಗ, ಮೂರು ಸಲದಲ್ಲಿ ಎರಡು ಬೇರೆ ಬೇರೆ ಉತ್ತರ. ಫೈಲ್ ಒಂದೇ, ಯಾರೂ ಮುಟ್ಟಿಲ್ಲ. ಇದನ್ನು ನೋಡಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿಯ ತನಕ ಏರಿಸಿದ ಹನ್ನೊಂದು ಕ್ಯಾಸೆಟ್ಟಿನಲ್ಲಿ ಯಾವುದನ್ನು ನಂಬುವುದು?

ಆಮೇಲೆ ಅವಳು ಮೆಮ್‌ಟೆಸ್ಟ್86+ ಎಂಬ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಳು. ಇದು ದುಡ್ಡು ಕೊಡದೆ ಸಿಗುವಂಥದ್ದು. ವಿಂಡೋಸ್ ಶುರುವಾಗುವ ಮೊದಲೇ ಓಡುತ್ತದೆ. ಹಾಗಾಗಿ ಇದರಲ್ಲಿ ತಪ್ಪು ಬಂದರೆ ವಿಂಡೋಸಿನ ಮೇಲೆ ಹೊರಿಸಲು ಆಗುವುದಿಲ್ಲ. ನೀವು ಅಂಗಡಿಯಲ್ಲಿ 3200 ವೇಗಕ್ಕೆ, ರ‍್ಯಾಮನ್ನು ಮಾಮೂಲಿಗಿಂತ ಜೋರಾಗಿ ಓಡಿಸುವ ಸೆಟ್ಟಿಂಗ್ ಆದ ಎಕ್ಸ್‌ಎಂಪಿ ಆನ್ ಮಾಡಿದ್ದಿರಿ. ವೇಗ ಜಾಸ್ತಿ ಆಗಿ ಹೀಗಾಯಿತು ಎಂದು ಯಾರೂ ಹೇಳಬಾರದೆಂದು ಅದನ್ನು ಮೊದಲೇ ಆಫ್ ಮಾಡಿದೆ. ಆಗ ಮಾಮೂಲಿ 2133ರ ವೇಗ, 1.2 ವೋಲ್ಟ್. ಅಷ್ಟರಲ್ಲೂ ಮುಕ್ಕಾಲು ಗಂಟೆಯೊಳಗೆ ತಪ್ಪು ಕಾಣಿಸಿತು.

ಮುಂದಿನದ್ದನ್ನು ದಯವಿಟ್ಟು ನಿಧಾನವಾಗಿ ಓದಿ. ಪ್ಲಗ್ ತೆಗೆದು ಎರಡೂ ರ‍್ಯಾಮ್ ಸ್ಟಿಕ್ ಬಿಚ್ಚಿ, ಚಿಕ್ಕ ಚೀಟಿಯಲ್ಲಿ 1, 2 ಎಂದು ಬರೆದು ಅಂಟಿಸಿದೆ. ಒಂದನೆಯದನ್ನು ಮಾತ್ರ ಬೋರ್ಡಿನಲ್ಲಿ ರ‍್ಯಾಮ್ ಕೂರುವ ಎ2 ಸ್ಲಾಟಿಗೆ ಹಾಕಿ ರಾತ್ರಿ ಊಟ ಮುಗಿಸಿ ಟೆಸ್ಟ್ ಹಚ್ಚಿದೆ. ಬೆಳಿಗ್ಗೆ ನೋಡಿದಾಗ ನಾಲ್ಕು ಸುತ್ತು ದಾಟಿತ್ತು, ತಪ್ಪು 0. ಎರಡನೆಯದನ್ನು ಅದೇ ಸ್ಲಾಟಿಗೆ ಹಾಕಿದೆ. ಮೊದಲ ಸುತ್ತಿನಲ್ಲೇ ತಪ್ಪುಗಳ ಸಾಲು. ಸ್ಲಾಟಿನದ್ದೇ ತೊಂದರೆಯೋ ಏನೋ ಎಂದು ಅದನ್ನು ಬಿ2ಕ್ಕೆ ಬದಲಿಸಿದೆ. ಅಲ್ಲೂ ತಪ್ಪು, ಹತ್ತಿರ ಹತ್ತಿರ ಮೆಮೊರಿಯ ಅದೇ ವಿಳಾಸದಲ್ಲಿ (ಜಾಗದಲ್ಲಿ). ಒಂದನೆಯದನ್ನು ಬಿ2ಕ್ಕೆ ಹಾಕಿದರೆ ಮತ್ತೆ ಸೊನ್ನೆ. ಅಂದರೆ ಸ್ಲಾಟ್ ಸರಿ ಇದೆ, ಬೋರ್ಡ್ ಸರಿ ಇದೆ, ಪ್ರೊಸೆಸರ್ ಸರಿ ಇದೆ. ಕೆಟ್ಟದ್ದು ಎರಡನೇ ಸ್ಟಿಕ್ ಒಂದೇ.

ತಪ್ಪು ಹೇಗಿತ್ತು ಎಂಬುದು ಫೋಟೋದಲ್ಲಿದೆ. ಟೆಸ್ಟ್ ರ‍್ಯಾಮಿಗೆ ಬರೆದದ್ದು ಪೂರ್ತಿ ಸೊನ್ನೆ. ಓದಿದಾಗ ಅದೇ ಸೊನ್ನೆಗಳ ನಡುವೆ ಒಂದು 4, ಅಂದರೆ ಒಂದೇ ಬಿಟ್ ಬದಲಾಗಿದೆ. ಪ್ರತಿ ಸಾಲಿನಲ್ಲೂ ಅದೇ ಜಾಗದ ಅದೇ ಬಿಟ್. ಸ್ಟಿಕ್ಕಿನ ಲೋಹದ ಕಾಲುಗಳಲ್ಲಿ ಧೂಳೋ ತೇವವೋ ಇದ್ದರೆ ಇಷ್ಟು ಕರಾರುವಾಕ್ಕಾಗಿ ಒಂದೇ ಕಡೆ ತಪ್ಪು ಬರುತ್ತದೆಯೇ? ಕರೆಂಟಿನ ಮಾತೂ ಅಷ್ಟೇ. ಮನೆಯಲ್ಲಿ ಯುಪಿಎಸ್ ಇದೆ. ಅದೇ ಮನೆ, ಅದೇ ಗಾಳಿ, ಅದೇ ಡಬ್ಬಿಯಲ್ಲಿ ಬಂದ ಇನ್ನೊಂದು ಸ್ಟಿಕ್ ಚೆನ್ನಾಗಿಯೇ ಇದೆ. ಈಗ ಅದೊಂದರಲ್ಲೇ ಕಂಪ್ಯೂಟರ್ ನಡೆಸುತ್ತಿದ್ದೇನೆ. ಹದಿನೆಂಟು ದಿನದಲ್ಲಿ ಒಂದೇ ಒಂದು ನೀಲಿ ಸ್ಕ್ರೀನ್ ಬಂದಿಲ್ಲ.

ಈ ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಿದಾಗ, "ವಿಂಡೋಸ್ ಟೆಸ್ಟ್ ಪಾಸ್ ಆಗಿದೆ, ಬೇಕಾದ್ರೆ ಕಂಪನಿಯವರ ಹತ್ತಿರ ನೀವೇ ಮಾತಾಡಿ" ಎಂಬ ಉತ್ತರ ಬಂತು. ಇದು ನನಗೆ ತುಂಬಾ ಬೇಸರ ತಂದಿದೆ. ಹತ್ತು ನಿಮಿಷದ ಟೆಸ್ಟಿನಲ್ಲಿ ತಪ್ಪು ಸಿಗಲಿಲ್ಲ ಎಂದರೆ ತಪ್ಪು ಇಲ್ಲ ಎಂದಲ್ಲ. ಇದು ನಿಮ್ಮ ಟೆಕ್ನಿಷಿಯನ್‌ಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕಲ್ವಾ? ದುಡ್ಡು ತೆಗೆದುಕೊಂಡವರು ನೀವು, ಬಿಲ್ ನಿಮ್ಮದು. ಕಂಪನಿಗೆ ಕಳಿಸಿ ಬದಲಿ ತರಿಸುವ ಕೆಲಸವೂ ನಿಮ್ಮದೇ.

ಎರಡೂ ಸ್ಟಿಕ್ ಒಂದೇ ಪ್ಯಾಕೆಟ್ಟಿನಲ್ಲಿ ಜೋಡಿಯಾಗಿ ಬಂದವು. ಹಾಗಾಗಿ ಜೋಡಿಯನ್ನೇ ಬದಲಿಸಿ, ಅಷ್ಟೇ ವೇಗದ್ದನ್ನು ಕೊಡಿ. ಬೇರೆ ಯಾವುದೋ ಒಂದನ್ನು ತಂದು ಜೊತೆಗೆ ಹಾಕುವುದು ಬೇಡ. ಕೊಡುವ ಮೊದಲು ಒಂದು ರಾತ್ರಿ ಪೂರ್ತಿ ಪರೀಕ್ಷೆ ಮಾಡಿ, ಅದರ ಫೋಟೋ ಕಳಿಸಿ. ಅಂದು ತೆಗೆದುಕೊಂಡ 500 ರೂಪಾಯಿ ವಾಪಸ್ ಕೊಡಿ. ಮಾಡದ ರಿಪೇರಿಗೆ ಕೊಟ್ಟ ದುಡ್ಡು ಅದು.

ಈ ಪತ್ರ ಸಿಕ್ಕಿದ 15 ದಿನದೊಳಗೆ ಇದು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ನಾನಿರುವ ಉಡುಪಿ ಜಿಲ್ಲೆಯಲ್ಲೇ ದೂರು ಹಾಕಲು ಆ ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಅಷ್ಟು ದೂರ ಹೋಗುವ ಆಸೆ ನನಗಿಲ್ಲ. ನಿಮ್ಮ ಕೌಂಟರಿನ ಹುಡುಗರು ಮರ್ಯಾದೆಯಿಂದ ಮಾತಾಡುವವರು, ಬೋರ್ಡಿನ ವೈರ್‌ಗಳನ್ನೂ ಅಂದವಾಗಿ ಕಟ್ಟಿದ್ದಾರೆ. ಅಷ್ಟು ಶ್ರದ್ಧೆ ಇರುವವರು ಪ್ರತಿ ಹೊಸ ಕಂಪ್ಯೂಟರಿಗೂ ಒಂದು ರಾತ್ರಿ ಈ ಟೆಸ್ಟ್ ಹಚ್ಚಿ ಮಲಗಿದರೆ ನನ್ನಂಥವರು ಬಸ್ಸಿನಲ್ಲಿ ಹೊತ್ತುಕೊಂಡು ಅಲೆಯುವುದು ತಪ್ಪುತ್ತದೆ.

ಆ ಹನ್ನೊಂದು ಕ್ಯಾಸೆಟ್ಟನ್ನೂ ನಾನು ಮೊದಲಿನಿಂದ ಏರಿಸಬೇಕು. ಪೆಟ್ಟಿಗೆಯಲ್ಲಿ ಇನ್ನೂ ಅರವತ್ತು ಬಾಕಿ ಇವೆ. ಕೆಟ್ಟ ಸ್ಟಿಕ್ಕನ್ನು ಅದರ ಪ್ಯಾಕೆಟ್ಟಿನಲ್ಲೇ ಹಾಕಿ ಇಟ್ಟಿದ್ದೇನೆ. ಬದಲಿ ಬಂದ ದಿನ ಒಂದು ಫೋನ್ ಮಾಡಿ. ಮರುದಿನ ಬೆಳಗಿನ ಬಸ್ಸಿಗೇ ಎರಡನ್ನೂ ಹಿಡಿದುಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ
ಕಟಪಾಡಿ, ಉಡುಪಿ ಜಿಲ್ಲೆ

ಜೊತೆಗೆ: ಬಿಲ್ಲಿನ ಪ್ರತಿ, 500 ರೂಪಾಯಿಯ ರಸೀದಿ, ಪರೀಕ್ಷೆಯ ನಾಲ್ಕು ಫೋಟೋ, ಎರಡೂ ಸ್ಟಿಕ್ಕಿನ ಲೇಬಲ್ ಫೋಟೋ