ಹತ್ತಕ್ಕೆ ಎಷ್ಟು, ಅಕ್ಕ?

ಮೊನ್ನೆ ಸೋಮವಾರಕ್ಕೆ ರೇಡಿಯೇಶನ್ ಮುಗಿದು ಆರು ತಿಂಗಳಾಯಿತು. ಅವತ್ತು ಒಗೆದ ಬಟ್ಟೆಯನ್ನು ನಾನೇ ಟೆರೇಸಿಗೆ ಹೊತ್ತೆ. ಅರ್ಧ ಬಕೆಟ್ ಅಷ್ಟೇ, ಆಪರೇಶನ್ ಆಗದ ಕಡೆಯ ಕೈಯಲ್ಲಿ, ಮಧ್ಯೆ ಮೆಟ್ಟಿಲ ಮೇಲೆ ಒಂದು ಸಲ ಕೂತು. ಇನ್ನರ್ಧ ಸಂಜೆಗೆ. ಇದನ್ನೂ ಬರೀತಾರಾ ಅನ್ನಬೇಡಿ. ಹೋದ ವರ್ಷ ಈ ಹೊತ್ತಿಗೆ ಹಲ್ಲುಜ್ಜಿ ಬಂದರೆ ಮತ್ತೆ ಮಲಗಬೇಕಾಗುತ್ತಿತ್ತು.

ಕ್ಯಾನ್ಸರಿನ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಬೇಡ. ನನ್ನ ಪೀರಿಯಡ್ ತಗೊಂಡ ಸ್ಟಾಫ್ ರೂಮಿನವರು, ರಕ್ತ ಕೊಟ್ಟ ಇಬ್ಬರು, ಮೂರು ತಿಂಗಳು ಸಾರು ಕಳಿಸಿದ ಎದುರು ಮನೆಯವರು, ಗುಂಡಿ ತಪ್ಪಿಸಿ ಆಟೋ ಓಡಿಸಿದ ಅಣ್ಣ, ಅತ್ತೆ, ನಮ್ಮವರು: ನಿಮಗೆ ಥ್ಯಾಂಕ್ಸ್ ಅಂದರೆ ಸಾಲದು. ಆದರೂ ಇವತ್ತು ಜಾಸ್ತಿ ಹೇಳಬೇಕಿರುವುದು ಒಬ್ಬ ಸಿಸ್ಟರ್ ಬಗ್ಗೆ. ಹೆಸರು ಹಾಕಬೇಡಿ ಅಕ್ಕ ಅಂದಿದ್ದಾರೆ, ಹಾಕಲ್ಲ.

ವಾಂತಿಗೆ ಮಾತ್ರೆ ಇತ್ತು. ಸುಸ್ತಿಗೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ, "ಕೀಮೋ ಅಂದ್ರೆ ಇದ್ದಿದ್ದೇ, ರೆಸ್ಟ್ ತಗೊಳ್ಳಿ." ತಗೊಂಡೆ. ಹತ್ತು ಗಂಟೆ ಮಲಗಿ ಎದ್ದರೂ ಮೈ ಅನ್ನೋದು ನೆನೆದ ಗೋಣಿಚೀಲ. ಸೋಮಾರಿಯಾಗ್ತಿದ್ದೀನೇನೋ ಅಂತ ನನಗೇ ಅನುಮಾನ ಶುರುವಾಗಿತ್ತು. ಅದನ್ನು ಜ್ವರದ ಹಾಗೆ ಅಳೆದವರು ಈ ಸಿಸ್ಟರ್. "ಹತ್ತಕ್ಕೆ ಎಷ್ಟು ಅಕ್ಕ? ಸೊನ್ನೆ ಅಂದ್ರೆ ಸುಸ್ತೇ ಇಲ್ಲ, ಹತ್ತು ಅಂದ್ರೆ ಕೈಲಾಗೋದೇ ಇಲ್ಲ." ಎಂಟು ಅಂದೆ. ಬರೆದುಕೊಂಡು ಡಾಕ್ಟರಿಗೆ ಹೇಳಿದರು. ಮತ್ತೆ ರಕ್ತ ಪರೀಕ್ಷೆ ಆಯಿತು, ಹಿಮೋಗ್ಲೋಬಿನ್ 7.6, ತುಂಬ ಕಡಿಮೆ. ಥೈರಾಯ್ಡ್ ಪರೀಕ್ಷೆಯನ್ನೂ ಬಿಡಲಿಲ್ಲ.

ಅಲ್ಲಿಂದ ದಿನಾ ಬೆಳಿಗ್ಗೆ ಗೋಡೆ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಒಂದು ಅಂಕಿ. ಅತ್ತೆ ತುಂಬ ದಿನ ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದರು. "ಎಂಟು ಪ್ಯಾಕೆಟ್ ಯಾರು ಕುಡೀತಾರೋ?" ಅಂತ ನಮ್ಮವರನ್ನು ಕೇಳಿದರಂತೆ.

ಕೀಮೋ ಆದ ಮೂರನೇ, ನಾಲ್ಕನೇ ದಿನ ಅಂಕಿ ಏರುತ್ತಿತ್ತು, ಎರಡು ವಾರಕ್ಕೆ ಸ್ವಲ್ಪ ಹಗುರ. ಮಾಡಬೇಕಾದ್ದನ್ನು ಆ ಹಗುರ ದಿನಗಳಿಗೆ ಇಟ್ಕೊಳ್ಳಿ ಅಂದರು ಸಿಸ್ಟರ್. ಸ್ನಾನಕ್ಕೆ ಪ್ಲಾಸ್ಟಿಕ್ ಸ್ಟೂಲು. ಹಗಲು ನಿದ್ದೆ ಅರ್ಧ ಗಂಟೆ ಮಾತ್ರ. ಮತ್ತೆ ನಡಿಗೆ! ಸುಸ್ತಾದವಳಿಗೆ ನಡೀರಿ ಅಂತಾರಲ್ಲ ಅಂತ ಸಿಟ್ಟೇ ಬಂದಿತ್ತು. ಮೊದಲ ದಿನ ಗೇಟಿನ ತನಕ, ತಿಂಗಳಾದ ಮೇಲೆ ಹಿಟ್ಟಿನ ಮಿಲ್ಲಿನ ತನಕ. ನಡೆದ ದಿನ ರಾತ್ರಿ ನಿದ್ದೆ ಹತ್ತುತ್ತಿತ್ತು, ಬೆಳಿಗ್ಗೆ ಎಷ್ಟೋ ಸಲ ಅಂಕಿ ಒಂದು ಕಡಿಮೆ.

ನಾಲ್ಕನೇ ಕೀಮೋ ಆದ ಮೇಲೆ ಜ್ವರ ಬಂದು ಅಡ್ಮಿಟ್ ಆದ ರಾತ್ರಿ ಮಾತ್ರ ಹತ್ತಕ್ಕೆ ಹತ್ತು. ಚಮಚ ಎತ್ತೋಕೆ ಆಗಲಿಲ್ಲ. "ಸಾಕು ಸಿಸ್ಟರ್, ಎಲ್ಲ ನಿಲ್ಲಿಸಿಬಿಡಿ, ಹೋಗಿಬಿಡ್ತೀನಿ" ಅಂದೆ. ಅವರು ಸುಮ್ನೆ ತಲೆ ಮೇಲಿನ ಟ್ಯೂಬ್‌ಲೈಟ್ ಆರಿಸಿದರು. ಬಿಪಿ, ಟೆಂಪರೇಚರ್, ಆಂಟಿಬಯೋಟಿಕ್ ಎಲ್ಲ ಒಂದೇ ಹೊತ್ತಿಗೆ ಬರುವ ಹಾಗೆ ಜೋಡಿಸಿಕೊಂಡರು, ನನ್ನನ್ನು ಪದೇ ಪದೇ ಎಬ್ಬಿಸಬಾರದು ಅಂತ. ಬೆಳಿಗ್ಗೆ ಡ್ಯೂಟಿ ಮುಗಿದ ಮೇಲೂ ಬ್ಯಾಗ್ ಹೆಗಲಲ್ಲಿಟ್ಟುಕೊಂಡೇ ಮಂಚದ ಪಕ್ಕ ಕೂತರು. "ಮನೆಗೆ ಹೋದ ಮೇಲೆ ಒಂದೇ ಒಂದು ಕೆಲಸಕ್ಕೆ ಶಕ್ತಿ ಇದೆ ಅಂದ್ಕೊಳ್ಳಿ. ಏನು ಮಾಡ್ತೀರಿ?"

ಮಗಳಿಗೆ ಜಡೆ ಹಾಕ್ತೀನಿ ಅಂದೆ. ಬೋಳು ತಲೆ ಇಟ್ಟುಕೊಂಡು ಅದನ್ನು ಹೇಳುವಾಗ ಅಳು ತಡೆಯೋಕಾಗಲಿಲ್ಲ.

"ಹಾಗಾದ್ರೆ ಅದೊಂದು ನಿಮ್ಮದು. ಮಿಕ್ಕಿದ್ದು ಬೇರೆಯವರು ಮಾಡ್ಕೊಳ್ಳಲಿ."

ಮನೆಗೆ ಬಂದ ಮಾರನೇ ದಿನ ಮಗಳು ನೆಲದ ಮೇಲೆ, ನಾನು ಮಂಚದ ಮೇಲೆ. ಒಂದು ಜಡೆ ಹಾಕಿ ಹತ್ತು ನಿಮಿಷ ಮಲಗಿದೆ. ಆಮೇಲೆ ಇನ್ನೊಂದು. ಒಂದು ಮೇಲೆ, ಒಂದು ಕೆಳಗೆ. ಅವಳು ಹಾಗೇ ಸ್ಕೂಲಿಗೆ ಹೋದಳು.

ಸಿಸ್ಟರ್, ಮುಂದಿನ ಚೆಕಪ್‌ಗೆ ಕೋಡುಬಳೆ ತರ್ತೀನಿ. ಬೇಡ ಅನ್ನಬೇಡಿ, ಕೂತ್ಕೊಂಡೇ ಮಾಡ್ತೀನಿ. ಇವತ್ತಿನ ಅಂಕಿ 2. ಇಷ್ಟುದ್ದ ಬರೆದದ್ದಕ್ಕೆ ನಾಳೆ 3 ಆಗಬಹುದು.